ಅಕ್ರೋಟವಿಲ್ಲದ ಹಬ್ಬ

ಅಂದು ಬೆಳಗ್ಗೆ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಎದ್ದಿತ್ತು. ಓರ್ ಯೆಹೂದಾ ಊರಿನ ಮೇಲೆ ಆಕಾಶ ಅರಿಸಿನ ಕದಡಿದ ನೀರಿನಂತೆ ಕವಿದಿತ್ತು. ಕಿಟಕಿ ಮುಚ್ಚಿದರೆ ಬೇಗೆ, ತೆರೆದರೆ ಧೂಳು. ಮೂರು ವಾರ ಒಂದೊಂದು ಕಪಾಟನ್ನೂ ಒಂದೊಂದು ಸಂದನ್ನೂ ತಿಕ್ಕಿ ತೊಳೆದು ಯೆಹೂದ್ಯರ ಪಸ್ಕ ಹಬ್ಬಕ್ಕೆ ಮಡಿ ಮಾಡಿದ್ದ ಮನೆಯೊಳಗೆ ಆ ಸಣ್ಣ ಧೂಳು ಯಾರ ಅಪ್ಪಣೆಯನ್ನೂ ಕೇಳದೆ ಬಂದು ಕೂರುತ್ತಿತ್ತು. ಎಪ್ಪತ್ತೆಂಟು ವರ್ಷದ ಫರ್ಹಾ ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈಗಳನ್ನು ಚೌಕಟ್ಟಿಗೆ ಊರಿ ನಿಂತಿದ್ದಳು. ಎದುರಿಗೆ ಸೊಸೆ ತಿರ್ಜಾ. ಅವಳ ತೋಳಿನಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ.

"ಅದರಲ್ಲೇನಿದೆ?" ಎಂದಳು ಫರ್ಹಾ.

"ಪಾತ್ರೆ, ಅತ್ತೆ. ಒಂದು ಡಬರಿ, ಒಂದು ಬಾಣಲೆ, ಚಾಕು, ಹಲಗೆ. ಅಗಾಮ್‌ಗೆ ಮಾಡೋದು ಮಾತ್ರ ಇದರಲ್ಲಿ."

"ಹಬ್ಬದ ದಿನ! ಹೊರಗಿನ ಪಾತ್ರೆ! ನನ್ನ ಅಡುಗೆಮನೆಗೆ!"

"ಎಲ್ಲಾ ಹೊಸದು ಅತ್ತೆ. ಕೊಳದ ನೀರಲ್ಲಿ ಮುಳುಗಿಸಿ, ಪ್ರಾರ್ಥನೆ ಹೇಳಿ ತಂದಿದ್ದೀನಿ. ನಿಮ್ಮ ಮಡಿಗೆ ಒಂದಿಷ್ಟೂ ಭಂಗ ಬರಲ್ಲ."

"ಮಡಿಗೆ ಬರಲ್ಲ, ನನ್ನ ಮರ್ಯಾದೆಗೆ ಬರತ್ತೆ. ಅರವತ್ತು ವರ್ಷದಿಂದ ಈ ಕೈ ಅಡುಗೆ ಉಂಡು ಯಾರೂ ಸತ್ತಿಲ್ಲ!"

ಮಾತು ಬಾಯಿಂದ ಬಿದ್ದ ಮೇಲೆ ಫರ್ಹಾಳೇ ಬೆಚ್ಚಿದಳು. ತಿರ್ಜಾಳ ಮುಖ ಬಿಳಿಚಿಕೊಂಡಿತು. ಅಮ್ಮನ ಲಂಗದ ಅಂಚು ಹಿಡಿದು ನಿಂತಿದ್ದ ಏಳು ವರ್ಷದ ಅಗಾಮ್ ಮಾತ್ರ ಅಜ್ಜಿಯನ್ನೇ ನೋಡುತ್ತಿದ್ದಳು, ಮಾತು ತನ್ನ ಬಗ್ಗೆಯೇ ಅಲ್ಲ ಎಂಬಂತೆ.

ಬೀದಿಯ ಕೊನೆಯ ಬೆಂಕಿಗೆ ಹಬ್ಬದಲ್ಲಿ ಮನೆಯಲ್ಲಿರಬಾರದ ರೊಟ್ಟಿಯ ಚೂರುಗಳನ್ನು ಹಾಕಿ ಆಗ ತಾನೇ ಬಂದ ಹೆಸ್ಕೇಲ್, ಹೊಗೆ ವಾಸನೆಯ ಕೈಗಳನ್ನು ಒರೆಸಿಕೊಳ್ಳುತ್ತಾ ಹೆಂಡತಿ ಫರ್ಹಾಳ ಎದುರು ನಿಂತ. "ಫರ್ಹಾ, ದಾರಿ ಬಿಡು. ನಮ್ಮ ಜನರನ್ನ ಗುಲಾಮರಾಗಿ ಇಟ್ಟಿದ್ದ ಫರೋಹ ರಾಜನೂ ದೇವರಿಂದ ಹತ್ತು ಪೆಟ್ಟು ತಿಂದ ಮೇಲೆ ಬಿಟ್ಟ. ನಿನಗೆ ಎಷ್ಟು ಬೇಕು?"

ಅಗಾಮ್ ಕಿಸಕ್ಕನೆ ನಕ್ಕಳು. ಫರ್ಹಾ ಕೈ ಇಳಿಸಿದಳು. ಪೆಟ್ಟಿಗೆ ಒಳಗೆ ಹೋಯಿತು.

ಆ ಮಗುವಿಗೆ ಅಕ್ರೋಟ, ಬಾದಾಮಿ, ಪಿಸ್ತಾ ಯಾವುದೂ ಆಗದು. ಹೋದ ವರ್ಷದ ಪೂರಿಮ್ ಹಬ್ಬದಲ್ಲಿ ನೆರೆಯವರು ಕಳಿಸಿದ ತಟ್ಟೆಯಿಂದ ಉಗುರಿನಷ್ಟು ಸಿಹಿ ಕಚ್ಚಿದ್ದೇ ತಡ, ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಎರಡು ದಿನ ಆಸ್ಪತ್ರೆ. ಅಂದಿನಿಂದ ತಿರ್ಜಾ ಮಗಳನ್ನು ಯಾರ ಮನೆಯ ಪಂಕ್ತಿಗೂ ಕೂರಿಸಲಿಲ್ಲ. ಹೋದ ಪಸ್ಕ ಹೋಯಿತು, ಹೊಸ ವರ್ಷ ಹೋಯಿತು, ಚಪ್ಪರದ ಹಬ್ಬ, ದೀಪದ ಹಬ್ಬ... ಪ್ರತಿ ಸಲವೂ ಫರ್ಹಾಳ ಮೇಜಿನ ಬಳಿ ಮೂರು ಕುರ್ಚಿ ಖಾಲಿ! ಹದಿಮೂರು ತಿಂಗಳು ಆ ಮುದುಕಿ ಹಬ್ಬದ ಬೆಳಕಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಕೊನೆಗೆ ಮಗ ಎಯಾಲ್ ಹೆಂಡತಿಯನ್ನು ಒಪ್ಪಿಸಿ ಫೋನು ಮಾಡಿದ. "ಅಮ್ಮಾ, ಈ ಪಸ್ಕಕ್ಕೆ ಬರ್ತೀವಿ. ಆದ್ರೆ ಅಲ್ಲಿ ಏನಾದ್ರೂ ಆದ್ರೆ... ಮತ್ತೆ ಕರೀಬೇಡ. ತಿರ್ಜಾ ಖಂಡಿತ ಬರಲ್ಲ, ನಾನೂ ಬಾ ಅನ್ನಲ್ಲ."

ಅದೂ ಎಂಥ ಹಬ್ಬ! ಏಳು ದಿನ ಹುಳಿ ಬರುವ ಗೋಧಿ ಹಿಟ್ಟು ಮುಟ್ಟುವಂತಿಲ್ಲ, ಮನೆಯಲ್ಲಿ ಇಡುವಂತಿಲ್ಲ. ಹಿಟ್ಟಿಲ್ಲದ ಮನೆಯಲ್ಲಿ ಕೇಕು, ಉಂಡೆ, ಬಿಲ್ಲೆ ಎಲ್ಲವೂ ಬಾದಾಮಿ ಪುಡಿ, ಅಕ್ರೋಟ ಪುಡಿ. "ವರ್ಷವೆಲ್ಲ ಒಂದು ಭಯ ಅತ್ತೆ, ಈ ಏಳು ದಿನ ಹತ್ತು ಭಯ" ಎಂದಿದ್ದಳು ತಿರ್ಜಾ. ಫರ್ಹಾ ಹಟ ಬಿಟ್ಟಳು. ಡಬ್ಬಿಗಳಲ್ಲಿದ್ದ ಬೀಜಗಳನ್ನೆಲ್ಲ ಮೇಲಿನ ಮಹಡಿಯ ತಂಗಿ ಗುರ್ಜಿಯಾಳಿಗೆ ಕೊಟ್ಟಳು. ಈ ವರ್ಷ ಅವಳ ಮನೆಯಲ್ಲಿ ಅಕ್ರೋಟವಿಲ್ಲದ ಹಬ್ಬ.

ತಿರ್ಜಾ ಹೊಸ ಡಬರಿಯಲ್ಲಿ ಕೋಳಿ ಬೇಯಿಸಿ, ಮುಚ್ಚಿ, ಮೇಲೊಂದು ಬಟ್ಟೆ ಕಟ್ಟಿದಳು. ಸ್ನಾನ ಮಾಡಿ, ಹಬ್ಬದ ಬಟ್ಟೆ ಉಟ್ಟು ಬರಲು ಅವಳೂ ಎಯಾಲ್‌ನೂ ತಮ್ಮ ಮನೆಗೆ ಹೋಗಬೇಕಿತ್ತು. ಮಗುವನ್ನು ಬಿಟ್ಟು ಹೋಗುವುದೋ ಕರೆದೊಯ್ಯುವುದೋ ಎಂದು ಅವಳು ಬಾಗಿಲಲ್ಲಿ ಎರಡು ಸಲ ತಿರುಗಿದಳು. ಅಗಾಮ್ ಆಗಲೇ ಅಜ್ಜಿಯ ಪಕ್ಕ ನೆಲದಲ್ಲಿ ಕುಳಿತಾಗಿತ್ತು.

"ಎರಡು ಗಂಟೆಯಲ್ಲಿ ಬಂದುಬಿಡ್ತೀವಿ. ಸೂಜಿ ಈ ಚೀಲದಲ್ಲಿದೆ ಅತ್ತೆ. ಹೇಗೆ ಅಂತ ತೋರಿಸ್ಲಾ?"

"ನನ್ನ ಮೊಮ್ಮಗಳಿಗೆ ನಾನು ಸೂಜಿ ಚುಚ್ಚೋದಾ? ಹೋಗಮ್ಮ, ಹೋಗಿ ಬಾ. ಹಬ್ಬದ ಸಿಹಿ ಹಲೇಕ್ ತಿನ್ನಬಹುದು ತಾನೆ?"

"ಖರ್ಜೂರದ ಪಾಕ, ಅಕ್ರೋಟದ ಬದಲು ನಾನು ತಂದ ಕುಂಬಳಬೀಜ. ಅಷ್ಟೇ ಆದ್ರೆ ತಿನ್ನಲಿ."

"ಅಷ್ಟೇ."

ತಿರ್ಜಾ ಹೋದಳು; ಹೆಸ್ಕೇಲ್ ಪೇಟೆಗೆ ಹೊರಟ. ಗುರ್ಜಿಯಾ ಇಳಿದು ಬಂದಳು. ನೆಲದ ಮೇಲೆ ಬಿಳಿಯ ದುಪ್ಪಟಿ ಹಾಸಿ, ಹಬ್ಬದ ಅಕ್ಕಿಯನ್ನು ಮೂರನೆಯ ಸಲ ಆರಿಸಲು ಅಕ್ಕತಂಗಿಯರು ಕುಳಿತರು. ಬಾಗ್ದಾದಿನ ಯೆಹೂದ್ಯರು ಪಸ್ಕದಲ್ಲಿ ಅನ್ನ ಉಣ್ಣುತ್ತಾರೆ; ಆದರೆ ಅಕ್ಕಿಯನ್ನು ಒಂದೊಂದೇ ಕಾಳಾಗಿ ಮೂರು ಸಲ ಆರಿಸಿದ ಮೇಲೆ. ನಡುವೆ ಒಂದೇ ಒಂದು ಗೋಧಿ ಕಾಳು ಸೇರಿದ್ದರೂ ಇಡೀ ಹಬ್ಬ ಮೈಲಿಗೆ.

"ಅಕ್ರೋಟ ಇಲ್ಲದ ಹಲೇಕ್ ಅಂದ್ರೆ ಮದುಮಗಳು ಇಲ್ಲದ ಮದುವೆ" ಎಂದಳು ಗುರ್ಜಿಯಾ, ಕಾಳಿನಿಂದ ಕಣ್ಣು ಎತ್ತದೆ. "ಬಾಗ್ದಾದಲ್ಲಿ ಇಂಥ ಕಾಯಿಲೆ ಯಾರಿಗಿತ್ತು? ನಮ್ಮಮ್ಮ ಹನ್ನೊಂದು ಹೆತ್ತಳು. ಎಲ್ಲರೂ ಕಲ್ಲು ತಿಂದು ಕರಗಿಸಿಕೊಂಡರು."

"ಹನ್ನೊಂದು ಹೆತ್ತು ಆರು ಉಳೀತು ಕಣೇ. ಉಳಿದ ಐದು ಯಾಕೆ ಹೋದವು ಅಂತ ಯಾರಾದ್ರೂ ಕೇಳಿದ್ರಾ?"

ಗುರ್ಜಿಯಾ ಇನ್ನೊಂದು ಹಿಡಿ ಅಕ್ಕಿಯನ್ನು ಮುಂದಕ್ಕೆ ಎಳೆದುಕೊಂಡಳು.

ಫರ್ಹಾಳ ಹುಟ್ಟುಗುಣವೇ ಅದು. ಅವಳಿಗೆ ಎಲ್ಲದಕ್ಕೂ 'ಯಾಕೆ' ಬೇಕು, 'ಹೇಗೆ' ಬೇಕು. 'ಇವಳು ಸ್ವರ್ಗದ ಬಾಗಿಲಿಗೆ ಹೋದರೂ ಮೊದಲು ತಿರುಗಣಿ ಎಲ್ಲಿದೆ ಅಂತ ನೋಡ್ತಾಳೆ' ಎಂದು ಹೆಸ್ಕೇಲ್ ಗೇಲಿ ಮಾಡುವುದುಂಟು. ಮೊಮ್ಮಗಳ ಕಾಯಿಲೆಯ ವಿಷಯದಲ್ಲೂ ಅವಳ ಮನಸ್ಸು ಮುನಿಸಿಗಿಂತ ಹೆಚ್ಚಾಗಿ ಒಂದು ಪ್ರಶ್ನೆಯನ್ನೇ ಕಚ್ಚಿಕೊಂಡಿತ್ತು. ದೇವರು ಮರದಲ್ಲಿ ಬೆಳೆಸಿದ ಒಂದು ಕಾಯಿ. ಒಬ್ಬರಿಗೆ ಬಲ, ಇನ್ನೊಬ್ಬರಿಗೆ ಸಾವು. ಈ ಪುಟ್ಟ ಮೈಗೆ ಅದರಲ್ಲಿ ಏನು ಕಾಣುತ್ತದೆ?

"ಅಗಾಮ್, ನನ್ನ ಕಣ್ಣೇ, ಅದು ಒಳಗೆ ಹೋದಾಗ ಏನನ್ಸತ್ತೆ?"

ಮಗು ಅಕ್ಕಿಯಲ್ಲಿ ಬೆರಳಾಡಿಸುತ್ತಾ ಯೋಚಿಸಿತು. "ಮೊದ್ಲು ನಾಲಗೆ ಮೇಲೆ ಇರುವೆ ಓಡಾಡ್ತವೆ ಅಜ್ಜಿ. ಆಮೇಲೆ ಗಂಟಲೊಳಗೆ ಯಾರೋ ಬಾಗಿಲು ಹಾಕ್ಕೊಳ್ತಾರೆ. ತಟ್ಟಿದ್ರೂ ತೆಗೆಯಲ್ಲ."

"ಆಮೇಲೆ ತೆಗೆಸೋದು ಹೇಗೆ?"

ಅಗಾಮ್‌ಳ ಕಣ್ಣು ಅರಳಿತು. ಇಷ್ಟು ದಿನ ದೊಡ್ಡವರೆಲ್ಲ ಹೆದರುತ್ತಿದ್ದರು, ಅಳುತ್ತಿದ್ದರು, ಕೇಳಿದವರು ಇವಳೊಬ್ಬಳೇ! ಮಗು ಎದ್ದು ಚೀಲ ತಂದಿತು. ಒಳಗೆ ದಪ್ಪ ಪೆನ್ನಿನಂಥ ಔಷಧದ ಸೂಜಿಗಳು ಮೂರು: ಎರಡು ನಿಜವಾದವು, ಒಂದು ಸೂಜಿಯಿಲ್ಲದ್ದು, ಕಲಿಯುವುದಕ್ಕೆ. "ಇಲ್ನೋಡು. ನೀಲಿ ಮುಚ್ಚಳ ಮೇಲಕ್ಕೆ ಎಳಿ. ಕಿತ್ತಳೆ ಬಣ್ಣದ್ದು ತೊಡೆಗೆ ಒತ್ತು. ಟಕ್ ಅನ್ನತ್ತೆ. ಹತ್ತು ಎಣಿಸೋವರೆಗೂ ತೆಗೀಬೇಡ. ಬಟ್ಟೆ ಬಿಚ್ಚೋದು ಬೇಡ, ಮೇಲಿಂದಾನೇ."

ಫರ್ಹಾ ಕನ್ನಡಕ ಮೂಗಿಗೆ ಏರಿಸಿ, ಸೂಜಿಯಿಲ್ಲದ್ದನ್ನು ತಿರುಗಿಸಿ ನೋಡಿ, ತನ್ನ ತೊಡೆಗೇ ಒತ್ತಿಕೊಂಡಳು. ಟಕ್. ಇನ್ನೊಂದು ಸಲ. ಟಕ್.

"ಮುದುಕಿಗೆ ಆಟದ ಸಾಮಾನು ಸಿಕ್ತು" ಎಂದಳು ಗುರ್ಜಿಯಾ.

ಅಕ್ಕಿ ಆರಿಸಿ ಮುಗಿಯಿತು. ಫರ್ಹಾ ಕಪಾಟಿನ ಮೇಲಿನಿಂದ ಹಬ್ಬದ ಗಂಟನ್ನು ಇಳಿಸಿ, ಅದರೊಳಗಿಂದ ಅಮ್ಮನ ಹಿತ್ತಾಳೆಯ ಕುಟ್ಟಾಣಿಯನ್ನು ತೆಗೆದಳು. ಹದಿನೇಳನೆಯ ವಯಸ್ಸಿನಲ್ಲಿ ಬಾಗ್ದಾದ್ ಬಿಟ್ಟು ಬರುವಾಗ ತಂದದ್ದು. ವಿಮಾನದ ಮೆಟ್ಟಿಲಲ್ಲಿ ಕೈಜಾರಿ ಬಿದ್ದು ಅದರ ತಳದಲ್ಲಿ ಕೂದಲೆಳೆಯಂಥ ಸೀಳು. ವರ್ಷದಲ್ಲಿ ಒಂದೇ ದಿನ ಹೊರಗೆ ಬರುತ್ತಿತ್ತು. ಹಿಟ್ಟಿನ ಗಾಳಿಯೂ ಅದಕ್ಕೆ ಸೋಕಿರಲಿಲ್ಲ. ಸೊಸೆ ಅಂಗಡಿಯಿಂದ ತಂದ ಹಲಗೆ ಎಲ್ಲಿ, ಅಮ್ಮನ ಕೈಯ ಈ ಕುಟ್ಟಾಣಿ ಎಲ್ಲಿ! ಈ ಮನೆಯಲ್ಲಿ ಇದಕ್ಕಿಂತ ಶುದ್ಧವಾದ ವಸ್ತು ಇನ್ನೊಂದಿಲ್ಲ, ಮಗುವಿಗೆ ಶುದ್ಧವಾದದ್ದೇ ಸಲ್ಲಬೇಕು ಎಂದುಕೊಂಡು ಅವಳು ಅದನ್ನು ಕುದಿಯುವ ನೀರಿನಲ್ಲಿ ಮೂರು ಸಲ ಅದ್ದಿ ತೆಗೆದಳು. ಬೀಜ ಹಾಕಿ ಕುಟ್ಟಿದಳು. ಕಪ್ಪು ಜೇನಿನಂಥ ಖರ್ಜೂರದ ಪಾಕಕ್ಕೆ ಬೆರೆಸಿದಳು.

"ಇಗೋ, ನಾಲಗೆ ಚಾಚು. ನಿನ್ನ ಕುತ್ತೆಲ್ಲ ನನಗಿರಲಿ!" ಎಂದು ಚಮಚದ ತುದಿಯನ್ನು ಮಗುವಿನ ಬಾಯಿಗಿಟ್ಟಳು. ಅವರ ಮನೆಯಲ್ಲಿ ಮಕ್ಕಳನ್ನು ಮುದ್ದಿಸುವ ಮಾತೇ ಅದು. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು.

ಅಗಾಮ್ ಚಪ್ಪರಿಸಿದಳು. "ಸಿಹಿ!"

ಸ್ವಲ್ಪ ಹೊತ್ತು ಕಳೆದಿರಬಹುದು, ಅಷ್ಟೇ.

"ಅಜ್ಜೀ... ಇರುವೆ."

"ಎಲ್ಲಿ, ನೆಲದ ಮೇಲಾ?"

"ನಾಲಗೆ ಮೇಲೆ..."

ಫರ್ಹಾ ತಿರುಗಿ ನೋಡಿದಳು. ಮಗುವಿನ ತುಟಿ ಊದುತ್ತಿತ್ತು. ಕೊರಳಿನ ಸುತ್ತ ಕೆಂಪು ದದ್ದು, ನೋಡನೋಡುತ್ತಿದ್ದಂತೆ ಕೆನ್ನೆಗೆ ಏರುತ್ತಿತ್ತು. ಕೆಮ್ಮು ಬಂತು; ಮತ್ತೆ ಕೆಮ್ಮು; ಆ ಕೆಮ್ಮಿನ ಹಿಂದೆ ಸೀಟಿಯಂಥ ಸಣ್ಣ ಸದ್ದು. ಅಯ್ಯೋ ದೇವರೇ... ಬಾಗಿಲು ಮುಚ್ಚಿಕೊಳ್ಳುತ್ತಿದೆ!

"ನೀರು ಕುಡಿಸು! ದೃಷ್ಟಿ ಬಿದ್ದಿದೆ, ಉಪ್ಪು ನಿವಾಳಿಸು! ತಿರ್ಜಾ ಬರಲಿ, ನೀನು ಏನೂ ಮುಟ್ಟಬೇಡ!" ಎಂದು ಗುರ್ಜಿಯಾ ಚೀರಿದಳು.

"ತಿರ್ಜಾ ಬರೋ ಹೊತ್ತಿಗೆ ಮಗು ಇರಲ್ಲ. ನೀನು ಆಂಬುಲೆನ್ಸಿಗೆ ಫೋನು ಮಾಡು. ಹೋಗೇ!"

ಫರ್ಹಾ ಚೀಲವನ್ನು ನೆಲಕ್ಕೆ ಸುರಿದಳು. ಅರವತ್ತು ವರ್ಷ ಅಕ್ಕಿಯಲ್ಲಿ ಗೋಧಿ ಹೆಕ್ಕಿದ ಕೈ, ಮೂರರಲ್ಲಿ ನಿಜವಾದ ಒಂದನ್ನು ಹೆಕ್ಕಿತು. ಈ ಎಳೆಯ ತೊಡೆಗೆ ತಾನು ಸೂಜಿ ಚುಚ್ಚುವುದೇ... ತಪ್ಪಾದರೆ? ತಡವಾಗಿದ್ದರೆ? ಮಗು ಮಾತಾಡಲಾಗದೆ ತನ್ನದೇ ತೊಡೆಯ ಮೇಲೆ ಕೈ ಬಡಿದು ತೋರಿಸಿತು. ಇಲ್ಲಿ, ಅಜ್ಜಿ. ಇಲ್ಲಿ.

"ನಿನ್ನ ಕುತ್ತು ನನಗಿರಲಿ... ನನಗೇ ಇರಲಿ, ದೇವರೇ, ನನಗೇ ಇರಲಿ!" ಈ ಸಲ ಅದು ಮುದ್ದಿನ ಮಾತಾಗಿರಲಿಲ್ಲ. ನೀಲಿ ಮುಚ್ಚಳ ಕಿತ್ತಳು. ಕಿತ್ತಳೆಯ ತುದಿಯನ್ನು ಲಂಗದ ಮೇಲಿಂದಲೇ ಒತ್ತಿದಳು. ಟಕ್! ಒಂದು... ಎರಡು... ಮೂರು... ಹತ್ತು ಎಣಿಸುವಷ್ಟರಲ್ಲಿ ಅವಳಿಗೆ ಹತ್ತು ವರ್ಷ ಕಳೆದಂತಾಯಿತು. ಮಗುವನ್ನು ಮಲಗಿಸಿ ಕಾಲಿನ ಕೆಳಗೆ ದಿಂಬಿಟ್ಟು, ಉಸಿರಿಗೆ ಕಿವಿಗೊಟ್ಟು ಕುಳಿತಳು. ಸೀಟಿಯ ಸದ್ದು ಮೆಲ್ಲನೆ ಇಳಿಯಿತು. ಆಂಬುಲೆನ್ಸಿನ ಕೂಗು ಬೀದಿಗೆ ಬಂದಾಗ ಅಗಾಮ್ ಕಣ್ಣು ಬಿಟ್ಟು ಪಿಸುಗುಟ್ಟಿತು: "ಹತ್ತು ಎಣಿಸಿದ್ಯಾ?"

"ಎಣಿಸಿದೆ, ನನ್ನ ತಾಯೀ. ಎಣಿಸಿದೆ."

ಎಯಾಲ್‌ಗಿಂತ ಮುಂದೆ ತಿರ್ಜಾ ಆಸ್ಪತ್ರೆಗೆ ಓಡಿ ಬಂದಳು. ತಲೆಗೂದಲು ಇನ್ನೂ ಒದ್ದೆ, ಒಂದು ಕಾಲಿಗೆ ಮಾತ್ರ ಸರಿಯಾಗಿ ಮೆಟ್ಟಿದ ಚಪ್ಪಲಿ. ಮಗುವನ್ನು ಮುಟ್ಟಿ, ಎದೆಗೆ ಕಿವಿ ಇಟ್ಟು, ಬದುಕಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ಅತ್ತೆಯತ್ತ ತಿರುಗಿದ್ದು.

"ಏನು ಕೊಟ್ರಿ? ಹೇಳಿ! ಒಂದೇ ಒಂದು ಅಕ್ರೋಟ, ರುಚಿಗೆ ಅಂತ... ಹಾಕಿದ್ರಿ ಅಲ್ವಾ?"

"ಇಲ್ಲ ತಿರ್ಜಾ! ದೇವರಾಣೆ ಇಲ್ಲ!"

"ಮತ್ತೆ ಹೇಗೆ? ಗಾಳೀಲಿ ಬಂತಾ?"

ಯುವಕ ವೈದ್ಯನೊಬ್ಬ ಹಲಗೆಯ ಮೇಲಿನ ಕಾಗದ ಹಿಡಿದು ನಡುವೆ ಬಂದ. ಮೊದಲು ಸೂಜಿ ಕೊಟ್ಟವರು ಯಾರು ಎಂದು ಕೇಳಿದ. ಫರ್ಹಾ ಕೈ ಎತ್ತಿದಳು, ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ. "ಇನ್ನೈದು ನಿಮಿಷ ತಡ ಆಗಿದ್ರೆ ಕಷ್ಟವಿತ್ತು" ಎಂದಷ್ಟೇ ಹೇಳಿ ಅವನು ತಿಂದದ್ದನ್ನೆಲ್ಲ ಬರೆದುಕೊಳ್ಳತೊಡಗಿದ. ಖರ್ಜೂರದ ಪಾಕ? ಮನೆಯಲ್ಲೇ ಕಾಯಿಸಿದ್ದು. ಪಾತ್ರೆ? ಕುದಿನೀರಲ್ಲಿ ಅದ್ದಿದ್ದು. ಬೀಜ?

"ಕುಂಬಳಬೀಜ" ಎಂದಳು ತಿರ್ಜಾ. "ನಾನೇ ತಂದಿದ್ದು."

"ಮುದ್ರೆ ಇರೋ ಪೊಟ್ಟಣವೇ?"

ತಿರ್ಜಾ ಮಂಚದ ಕಂಬಿ ಹಿಡಿದಳು. "ಪೊಟ್ಟಣ... ಅಂಗಡೀಲಿ ಮುಗಿದುಹೋಗಿತ್ತು. ಹಬ್ಬದ ನೂಕುನುಗ್ಗಲು. ಮಾರುಕಟ್ಟೇಲಿ ತೂಕಕ್ಕೆ ಕೊಟ್ರು. ಸೌಟು ಬೇರೆ, ಚೀಲ ಬೇರೆ ಅಂತ ಮಾರೋನು ಆಣೆ ಮಾಡಿದ..."

ವೈದ್ಯ ಬರೆಯುವುದನ್ನು ನಿಲ್ಲಿಸಿದ. "ಹಾಗಾದ್ರೆ ಅಲ್ಲೇ ಇರಬೇಕು" ಎಂದು ಇನ್ನೊಂದು ಮಂಚದ ಕಡೆ ಹೊರಟುಹೋದ.

ಎಯಾಲ್ ಹೆಂಡತಿಯ ಕಡೆ ತಿರುಗಿದ. "ಒಂದು ವರ್ಷದಿಂದ ನನ್ನ ಅಮ್ಮನ ಮನೆಗೆ ಕಾಲಿಡಿಸಲಿಲ್ಲ ನೀನು. ಅವಳ ಪಾತ್ರೆ ಬೇಡ, ಅವಳ ಕೈ ಬೇಡ. ಕೊನೆಗೆ ತೂಕದ ಬೀಜ ತಂದವಳು ಯಾರು ತಿರ್ಜಾ? ನೀನು!"

ತಿರ್ಜಾ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಗೋಡೆಗೆ ಬೆನ್ನು ಕೊಟ್ಟು ಮೆಲ್ಲಮೆಲ್ಲನೆ ಕುಸಿದು ನೆಲದಲ್ಲಿ ಕುಳಿತಳು.

ಮಗುವನ್ನು ಸಂಜೆಯವರೆಗೆ ಇಟ್ಟುಕೊಳ್ಳುತ್ತೇವೆ ಎಂದರು. ಸುದ್ದಿ ತಿಳಿದು ಆಸ್ಪತ್ರೆಗೆ ಬಂದಿದ್ದ ಹೆಸ್ಕೇಲ್ ಹೆಂಡತಿಯನ್ನು ಮನೆಗೆ ಕರೆತಂದ. ಗೆದ್ದವಳ ಹಾಗೆ ಇರಬೇಕಿತ್ತು ಫರ್ಹಾ. ಸುಳ್ಳು ಹೇಳಿಲ್ಲವೆಂದು ಸಾಬೀತಾಯಿತು, ಮಗುವನ್ನು ಉಳಿಸಿದವಳೂ ಅವಳೇ. ಆದರೆ ಅವಳ ತಲೆಯಲ್ಲಿ ಹಳೆಯ ಹುಳು ಕೊರೆಯುತ್ತಿತ್ತು: ಹೇಗೆ? ವೈದ್ಯ 'ಇರಬೇಕು' ಅಂದನಲ್ಲ. 'ಇರಬೇಕು' ಅಂದರೆ 'ಇದೆ' ಅಂತಲ್ಲ.

ಉಳಿದ ಕುಂಬಳಬೀಜಗಳನ್ನು ಅವಳು ಅದೇ ಬಿಳಿಯ ದುಪ್ಪಟಿಯ ಮೇಲೆ ಸುರಿದಳು. ಕಿಟಕಿಯ ಬೆಳಕು ಧೂಳಿನಲ್ಲಿ ಮಂಕಾಗಿದ್ದರಿಂದ ಹೆಸ್ಕೇಲ್ ಹಿಂದಿನ ರಾತ್ರಿ ಮೂಲೆಮೂಲೆಯಲ್ಲಿ ಹುಳಿ ಹಿಟ್ಟಿನ ಚೂರು ಹುಡುಕಿದ ಮೇಣದ ದೀಪವನ್ನೇ ಹಚ್ಚಿಕೊಟ್ಟ. ಒಂದೊಂದೇ ಬೀಜ. ತಿರುಗಿಸಿ, ಮೂಸಿ, ಪಕ್ಕಕ್ಕೆ. ಒಂದು ಸಲ. ಎರಡು ಸಲ. ಮೂರನೆಯ ಸಲ. ಅಕ್ರೋಟದ ಚೂರಲ್ಲ, ಸಿಪ್ಪೆಯ ಎಳೆಯೂ ಇಲ್ಲ. ಬೀಜ ಮುಗಿದ ಮೇಲೆ ಪಾಕದ ಪಾತ್ರೆ ನೋಡಿದಳು, ಚಮಚ ನೋಡಿದಳು. ಕೊನೆಗೆ ಕೈ ತಾನಾಗಿ ಕುಟ್ಟಾಣಿಯ ಮೇಲೆ ಹೋಗಿ ನಿಂತಿತು. ಅಲ್ಲೇ ನಿಂತಿತು.

ಈ ಕುಟ್ಟಾಣಿಯಲ್ಲಿ ತಾನು ಅರವತ್ತು ವರ್ಷದಿಂದ ಏನು ಕುಟ್ಟಿದೆ? ಅಕ್ರೋಟ. ಅಮ್ಮ ಏನು ಕುಟ್ಟಿದಳು? ಅಕ್ರೋಟ. ಅದಕ್ಕೆ ಬೇರೆ ಯಾವ ಕೆಲಸವನ್ನೂ ಯಾರೂ ಕೊಟ್ಟಿರಲೇ ಇಲ್ಲ!

ಫರ್ಹಾ ಹೊಲಿಗೆಯ ಸೂಜಿ ತಂದು ತಳದ ಸೀಳಿನಲ್ಲಿ ಆಡಿಸಿದಳು. ಮೊದಲು ಏನೂ ಬರಲಿಲ್ಲ. ಮತ್ತೆ ಕೆದಕಿದಳು. ಸಾಸಿವೆಯ ಅರ್ಧದಷ್ಟು, ಕಪ್ಪಗೆ ಎಣ್ಣೆಗಟ್ಟಿದ ಒಂದು ಕಣ ಬಿಳಿಯ ಬಟ್ಟೆಯ ಮೇಲೆ ಬಿತ್ತು. ಉಗುರಿನಲ್ಲಿ ಹಿಸುಕಿ ಮೂಗಿಗೆ ಹಿಡಿದಳು. ಹೋದ ವರ್ಷದ್ದೋ, ಹತ್ತು ವರ್ಷದ ಹಿಂದಿನದೋ. ವಾಸನೆ ಮಾತ್ರ ಸುಳ್ಳು ಹೇಳಲಿಲ್ಲ.

ಹುಳಿ ಹೋಗಲು ಕುದಿನೀರು ಸಾಕೆಂದು ಹಿರಿಯರು ಹೇಳಿಟ್ಟಿದ್ದರು. ಅಕ್ರೋಟ ಹೋಗಲೂ ಅದೇ ಸಾಕೆಂದು ಯಾರೂ ಹೇಳಿರಲಿಲ್ಲ. ಜಗತ್ತಿನಲ್ಲಿರುವುದನ್ನೆಲ್ಲ ಕೇಳಿದ ಫರ್ಹಾ ಇದೊಂದನ್ನು ಕೇಳಿರಲಿಲ್ಲ.

"ಎಸಿ ಅದನ್ನ!" ಬಾಗಿಲಲ್ಲಿ ನಿಂತಿದ್ದ ಗುರ್ಜಿಯಾಳ ದನಿ ಸಣ್ಣದಾಗಿತ್ತು. "ಯಾರು ನೋಡಿದ್ರು ಅಕ್ಕಾ? ಡಾಕ್ಟರೇ ಹೇಳಿಬಿಟ್ಟ, ಬೀಜ ಅಂತ. ನೀನು ಈಗ ಇದನ್ನ ತಗೊಂಡು ಹೋದ್ರೆ ಆ ಮಗು ಇನ್ನು ಈ ಹೊಸ್ತಿಲು ತುಳಿಯಲ್ಲ. ಎಯಾಲ್ ಆಡಿದ ಮಾತು ನೆನಪಿದೆಯಾ?"

ನೆನಪಿತ್ತು. ನೆನಪಿರದೆ ಇರುತ್ತದೆಯೇ! ಫರ್ಹಾಳ ಕಣ್ಣಿನ ಮುಂದೆ ಮೂರು ಖಾಲಿ ಕುರ್ಚಿಗಳು ಸಾಲಾಗಿ ನಿಂತವು. ಇನ್ನೆಷ್ಟು ಪಸ್ಕ ತನ್ನ ಆಯುಸ್ಸಿನಲ್ಲಿ? ಮೂರೋ, ನಾಲ್ಕೋ...

ಹೆಸ್ಕೇಲ್ ದೀಪ ಹಿಡಿದೇ ನಿಂತಿದ್ದ. "ಇವತ್ತು ಬೆಳಗ್ಗೆ ರೊಟ್ಟಿ ಸುಟ್ಟು ಹೇಳಿ ಬಂದೆ ಫರ್ಹಾ," ಎಂದ ನಿಧಾನವಾಗಿ. "ನನ್ನ ಮನೆಯಲ್ಲಿ ಉಳಿದ ಹುಳಿ, ಕಂಡದ್ದು ಕಾಣದ್ದು ಎಲ್ಲಾ, ಮಣ್ಣಿನ ಧೂಳಿಗೆ ಸಮ ಅಂತ."

"ಕಾಣದ ಹುಳೀನ ಧೂಳು ಅಂದ್ರೆ ದೇವರು ಒಪ್ಪಿಕೊಳ್ತಾನೆ. ಕಾಣದ ಅಕ್ರೋಟನ ಮಗು ಗಂಟಲು ಒಪ್ಪಲ್ಲ" ಎಂದಳು ಫರ್ಹಾ. "ಅದೂ ಅಲ್ಲದೆ, ಈಗ ಇದು ನನಗೆ ಕಂಡಿದೆ."

ಅವಳು ಕುಟ್ಟಾಣಿಯನ್ನು ಎತ್ತಿ, ಒಮ್ಮೆ ಹಣೆಗೆ ಒತ್ತಿಕೊಂಡು, ತಂಗಿಯ ಕೈಗಿಟ್ಟಳು. "ಅಮ್ಮನದು. ನಿನ್ನ ಮನೇಲಿ ಇಟ್ಟುಕೋ. ಕೆಳಗೆ ಮಾತ್ರ ತರಬೇಡ." ಗುರ್ಜಿಯಾ ಅದನ್ನು ಅವುಚಿಕೊಂಡು ಅಳತೊಡಗಿದಳು. ಫರ್ಹಾ ಅಳಲಿಲ್ಲ, ಕಣವನ್ನು ಬಿಳಿಯ ಕರವಸ್ತ್ರದಲ್ಲಿ ಮಡಿಸಿ, ಹೊತ್ತು ಮುಳುಗಿ ಹಬ್ಬ ಶುರುವಾಗುವ ಮುಂಚೆ ಆಸ್ಪತ್ರೆ ಸೇರಬೇಕೆಂದು ಗಂಡನನ್ನು ಹೊರಡಿಸಿದಳು.

ಗಾಳಿ ತಿರುಗಿತ್ತು. ಸಮುದ್ರದ ಕಡೆಯಿಂದ ತಂಪು ಬರುತ್ತಿತ್ತು. ತಿರ್ಜಾ ಒಬ್ಬಳೇ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಒಳಗೆ ಎಯಾಲ್ ಮಗಳಿಗೆ ಕಥೆ ಹೇಳುತ್ತಿದ್ದ; ಅವಳ ನಗು ಹೊರಗೆ ಕೇಳಿಸುತ್ತಿತ್ತು.

"ಇನ್ನೊಂದು ಗಂಟೇಲಿ ಕಳಿಸ್ತಾರಂತೆ" ಎಂದಳು ತಿರ್ಜಾ, ನೆಲ ನೋಡುತ್ತಾ. ಆಮೇಲೆ ತಲೆ ಎತ್ತಿದಳು. "ಅತ್ತೆ... ನಿಮ್ಮನ್ನ ಒಂದು ವರ್ಷ ದೂರ ಇಟ್ಟೆ. ಬೆಳಗ್ಗೆ ನಿಮ್ಮ ಅಡುಗೆಮನೇಲಿ ನಿಮಗೇ ಅವಮಾನ ಮಾಡಿದೆ. ಕೊನೆಗೆ... ವಿಷ ತಂದಿದ್ದು ನನ್ನ ಕೈಯೇ! ಹೆತ್ತ ಕೈ ಅತ್ತೆ! ಇನ್ನು ಅವಳಿಗೆ ಒಂದು ಲೋಟ ನೀರು ಕೊಡೋಕೂ ನನಗೆ ಧೈರ್ಯ ಇಲ್ಲ."

ಹದಿಮೂರು ತಿಂಗಳು ಫರ್ಹಾ ಕೇಳಬಯಸಿದ್ದ ಮಾತು ಅದು. ಸುಮ್ಮನಿದ್ದರೆ ಸಾಕಿತ್ತು; ಅದು ಅವಳದಾಗಿಯೇ ಉಳಿಯುತ್ತಿತ್ತು. ಅವಳು ಕರವಸ್ತ್ರವನ್ನು ಸೊಸೆಯ ಮಡಿಲಲ್ಲಿಟ್ಟು ಬಿಚ್ಚಿದಳು.

"ನೀನು ತಂದ ಬೀಜ ಮೂರು ಸಲ ಆರಿಸಿದೆ ತಿರ್ಜಾ. ಅದರಲ್ಲಿ ಏನೂ ಇರಲಿಲ್ಲ. ಇದು ನಮ್ಮಮ್ಮನ ಕುಟ್ಟಾಣಿ ಸೀಳಲ್ಲಿತ್ತು. ನಿನ್ನ ಹಲಗೆ ಪಕ್ಕದಲ್ಲೇ ಇತ್ತು, ನನಗೆ ಅದು ಬೇಡವಾಯ್ತು. ಮಧ್ಯಾಹ್ನದಿಂದ ನೀನು ಹೊತ್ತಿರೋ ಹೊರೆ ನಿನ್ನದಲ್ಲ, ನನ್ನದು. ಇಳಿಸು. ಎಯಾಲ್‌ಗೂ ನಾನೇ ಹೇಳ್ತೀನಿ."

ತಿರ್ಜಾ ಆ ಕಪ್ಪು ಕಣವನ್ನು ಬೆಳಕಿಗೆ ಹಿಡಿದು ನೋಡಿದಳು. ಕಾರಿಡಾರಿನಲ್ಲಿ ಯಾರೋ ಹಬ್ಬದ ಶುಭಾಶಯ ಹೇಳುತ್ತಾ ದಾಟಿಹೋದರು.

"ಇಷ್ಟು ಚಿಕ್ಕದು... ಹೇಗೆ ಸಿಕ್ತು ನಿಮಗೆ?"

"ಸೂಜಿಯಲ್ಲಿ ಕೆದಕಿದೆ. ತಿಳೀಬೇಕಿತ್ತು ನನಗೆ."

"ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಹೇಳಿದ್ರೆ ನಾನು ಅವಳನ್ನ ಮತ್ತೆ ಕಳಿಸಲ್ಲ ಅನ್ನೋದು..."

"ಗೊತ್ತಿತ್ತು."

ಫರ್ಹಾ ನಿಂತೇ ಇದ್ದಳು. ಕೂರೆಂದು ಹೇಳದೆ ಕೂರುವ ಹಕ್ಕು ತನಗಿಲ್ಲವೆಂದು ಅವಳಿಗೆ ಅನ್ನಿಸಿತ್ತು.

ತಿರ್ಜಾ ಕರವಸ್ತ್ರವನ್ನು ನಾಲ್ಕು ಮಡಿಕೆ ಮಡಿಸಿ ಗಂಟು ಹಾಕಿದಳು. "ಇವತ್ತು ಅಗಾಮ್ ನಿಮ್ಮ ಮೇಜಿನ ಹತ್ರಾನೇ ಕೂರ್ತಾಳೆ. ಊಟ ನನ್ನ ಡಬರಿಯಿಂದ. ಹಲೇಕ್ ಬೇಡ" ಎಂದಳು. "ಮುಂದಿನ ವರ್ಷ ಹಬ್ಬ ನಮ್ಮನೇಲಿ. ಪಾತ್ರೆಯೆಲ್ಲ ನಾನು ತೊಳೀತೀನಿ. ಆದ್ರೆ ಹುಡುಕೋದು ನೀವು ಅತ್ತೆ. ನನ್ನ ಕಣ್ಣಿಗೆ ಇದು ಸಿಗ್ತಿರಲಿಲ್ಲ."

ಹೇಳಿ ಅವಳು ಬೆಂಚಿನಿಂದ ಎದ್ದಳು. ಹಬ್ಬ ಶುರುವಾಗುವ ಮುಂಚೆ ಕಿರಿಯರು ಹಿರಿಯರ ಕೈಗೆ ಮುತ್ತಿಡುವುದು ಆ ಮನೆತನದ ನಡೆ. ಅಕ್ರೋಟದ ವಾಸನೆ ಹೋಗಲೆಂದು ಸಾಬೂನಿನಲ್ಲಿ ತಿಕ್ಕಿ ತಿಕ್ಕಿ ಕೆಂಪಾಗಿದ್ದ ಆ ಮುದಿ ಕೈಯನ್ನು ತಿರ್ಜಾ ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಗಿ, ತುಟಿಗೊತ್ತಿದಳು. ಬಿಡಲಿಲ್ಲ, ಇನ್ನೊಮ್ಮೆ ಒತ್ತಿದಳು.

"ಎರಡು ಯಾಕೆ?" ಎಂದು ಕೇಳಿದಳು ಫರ್ಹಾ. ಕೇಳದೆ ಇರಲು ಅವಳಿಗೆ ಆಗುತ್ತಿರಲಿಲ್ಲ.

"ಒಂದು ಈ ವರ್ಷದ್ದು," ಎಂದಳು ತಿರ್ಜಾ, "ಒಂದು ಹೋದ ವರ್ಷ ಕೊಡದೆ ಉಳಿಸಿಕೊಂಡಿದ್ದು."